ರಿಕ್ಷಾ ಎಳೆಯಲು ಕಲಿತ ಎಂ.ಎ. ಪದವೀಧರ: ಬಲರಾಜ್ ಸಾಹ್ನಿ ಮತ್ತು ನಟನೆಯ ಋಣ

2014ರ ನವೆಂಬರ್. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೋಡ್ ಬರೀತಿದ್ದ ದಿನಗಳು. ಹಳೇ ಹಿಂದಿ ಸಿನಿಮಾವೊಂದರ ಹಾಳಾಗಿದ್ದ ಪ್ರಿಂಟನ್ನು ಸರಿಪಡಿಸಿ ಮತ್ತೆ ಥಿಯೇಟರಿಗೆ ಬಿಟ್ಟಿದ್ದಾರೆ ಅಂತ ರೂಮ್‌ಮೇಟ್ ಎಳ್ಕೊಂಡು ಹೋದ. ಸಿನಿಮಾ 'ಗರಂ ಹವಾ'. ನಿರ್ದೇಶಕರು ನಮ್ಮ ಮೈಸೂರಿನ ಎಂ.ಎಸ್. ಸತ್ಯು ಅನ್ನೋದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಬಲರಾಜ್ ಸಾಹ್ನಿ ಅಂದ್ರೆ 'ವಕ್ತ್' ಸಿನಿಮಾದಲ್ಲಿ ಹೆಂಡತಿ ಮುಂದೆ ಖವ್ವಾಲಿ ಹಾಡುವ ಯಜಮಾನ. ಅಷ್ಟೇ ನನ್ನ ಜ್ಞಾನ.

ಆ ಸಿನಿಮಾದಲ್ಲಿ ಅವರು ಸಲೀಂ ಮಿರ್ಜಾ. ಆಗ್ರಾದಲ್ಲಿ ಶೂ ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕ. ದೇಶ ವಿಭಜನೆಯಾಗಿದೆ. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೋಗ್ತಿದ್ದಾರೆ. ಈತ ಹೋಗಲ್ಲ. ಸಾಲ ಸಿಗಲ್ಲ, ಬಾಡಿಗೆ ಮನೆ ಸಿಗಲ್ಲ, ಆದರೂ ಹೋಗಲ್ಲ. ಕೊನೆಗೊಂದು ದಿನ ಮಗಳ ಕೋಣೆಗೆ ಬರ್ತಾನೆ. ಮಗಳು ಪ್ರಾಣ ಕಳೆದುಕೊಂಡಿದ್ದಾಳೆ. ನಮ್ಮ ಸಿನಿಮಾಗಳಲ್ಲಿ ಅಪ್ಪಂದಿರು ಇಂಥ ಹೊತ್ತಲ್ಲಿ ಏನು ಮಾಡ್ತಾರೆ ಅಂತ ನಿಮಗೆ ಗೊತ್ತು. ಸಲೀಂ ಮಿರ್ಜಾ ಕಿರುಚಲ್ಲ, ಎದೆ ಬಡ್ಕೊಳ್ಳಲ್ಲ. ಸುಮ್ಮನೆ ನೋಡ್ತಾನೆ. ಥಿಯೇಟರಿನಲ್ಲಿ ಪಾಪ್‌ಕಾರ್ನ್ ಸದ್ದು ಕೂಡ ನಿಂತುಹೋಗಿತ್ತು.

ಹೊರಗೆ ಬಂದು ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು: ಆ ಪಾತ್ರ ಮಾಡುವ ಹೊತ್ತಿಗೆ ಸಾಹ್ನಿಯವರ ಸ್ವಂತ ಮಗಳು ಅಕಾಲದಲ್ಲಿ ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ಡಬ್ಬಿಂಗ್ ಮುಗಿಸಿದ ಮರುದಿನವೇ ಅವರೂ ಹೋಗಿಬಿಟ್ಟರು. ಸಿನಿಮಾ ನೋಡಲೇ ಇಲ್ಲ.

ಅವತ್ತಿಂದ ಈ ಮನುಷ್ಯ ನನ್ನ ತಲೆಯಿಂದ ಇಳಿದಿಲ್ಲ. ಈಗ ಅವರ ಬಗ್ಗೆ ಬರೆಯಲು ಒಂದು ಕಾರಣವಿದೆ. ಈ ಅಂಕಣ ಓದುವವರಲ್ಲಿ ಬೀದಿ ನಾಟಕ ಮಾಡೋರು, ಹಾಡು ಕಟ್ಟೋರು, ಸಾಲ ಮಾಡಿ ಕಿರುಚಿತ್ರ ತೆಗೆಯೋರು ಇದ್ದೀರಿ. ನಿಮ್ಮಲ್ಲಿ ಹಲವರು ಒಂದಲ್ಲ ಒಂದು ರೀತಿಯಲ್ಲಿ ಕೇಳುವ ಪ್ರಶ್ನೆ ಒಂದೇ: ದೇಶ ಹೀಗಿರುವಾಗ ನಾಟಕ ಮಾಡ್ಕೊಂಡು ಕೂತರೆ ಏನು ಉಪಯೋಗ? ಇದಕ್ಕೇನು ಅರ್ಥ? ನಾನು ನಟನಲ್ಲ. ಆದರೆ ಒಳ್ಳೇ ಸಂಬಳದ ಕೆಲಸ ಬಿಟ್ಟು ಬರೆಯಲು ಕೂತವನು. ಹಾಗಾಗಿ ಈ ಪ್ರಶ್ನೆ ನನ್ನದೂ ಹೌದು. ಬಲರಾಜ್ ಸಾಹ್ನಿ ಇದೇ ಪ್ರಶ್ನೆಯ ಜೊತೆ ಸುಮಾರು ಮೂವತ್ತು ವರ್ಷ ಬದುಕಿದರು.

ಎಲ್ಲೂ ನಿಲ್ಲದ ಹುಡುಗ

ಸಾಹ್ನಿ ಹುಟ್ಟಿದ್ದು 1913ರ ಮೇ 1ರಂದು, ರಾವಲ್ಪಿಂಡಿಯಲ್ಲಿ. ಕಾರ್ಮಿಕರ ದಿನದಂದೇ ಹುಟ್ಟಿದ್ದು ಕಾಕತಾಳೀಯ, ಯಾಕಂದ್ರೆ ಮನೆತನ ವ್ಯಾಪಾರದ್ದು. ತಂದೆ ಬಟ್ಟೆ ಆಮದಿನ ಏಜೆಂಟ್, ಕಟ್ಟಾ ಆರ್ಯಸಮಾಜಿ. ಮನೆಯಲ್ಲಿಟ್ಟ ಹೆಸರು ಯುಧಿಷ್ಠಿರ. ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ ಭೀಷ್ಮ. ಹೌದು, ಮುಂದೆ 'ತಮಸ್' ಬರೆದ ಭೀಷ್ಮ ಸಾಹ್ನಿ ಇವರೇ.

ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಬಲರಾಜ್ ಊರಿಗೆ ಮರಳಿ ಅಪ್ಪನ ವ್ಯಾಪಾರಕ್ಕೆ ಕೂತರು. 1936ರಲ್ಲಿ ದಮಯಂತಿಯವರ ಜೊತೆ ಮದುವೆ. ನಮ್ಮ ಕಡೆ ಹೇಳೋ ಹಾಗೆ ಸೆಟಲ್ ಆದ ಹುಡುಗ. ಆದರೆ ವರ್ಷ ಕಳೆಯುವಷ್ಟರಲ್ಲಿ ವ್ಯಾಪಾರ ಬಿಟ್ಟು, ಹೆಂಡತಿಯ ಜೊತೆ ಮನೆಯಿಂದ ಹೊರಟೇಬಿಟ್ಟರು. ಲಾಹೋರಿನಲ್ಲಿ ಗೆಳೆಯರೊಂದಿಗೆ ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ಅದು ಬೇಗನೆ ನಿಂತುಹೋಯಿತು. ಅಲ್ಲಿಂದ ಕಲ್ಕತ್ತಾ, ಅಲ್ಲಿಂದ ಶಾಂತಿನಿಕೇತನದಲ್ಲಿ ಮೇಷ್ಟ್ರ ಕೆಲಸ.

ಶಾಂತಿನಿಕೇತನದಲ್ಲಿ ಒಂದು ಘಟನೆ ನಡೆಯಿತು. ಪಾಠ ಮಾಡೋದು ಬಿಟ್ಟು ಇನ್ನೇನು ಮಾಡ್ತೀಯ ಅಂತ ರವೀಂದ್ರನಾಥ ಟ್ಯಾಗೋರ್ ವಿಚಾರಿಸಿದರು. ಹಿಂದಿಯಲ್ಲಿ ಕತೆ ಬರೀತೀನಿ ಅಂತ ಬಲರಾಜ್ ಹೆಮ್ಮೆಯಿಂದ ತಿಳಿಸಿದರು. ನಿನ್ನ ಮಾತೃಭಾಷೆ ಪಂಜಾಬಿಯಲ್ಲವೇ, ಅದರಲ್ಲೇಕೆ ಬರೆಯಲ್ಲ ಅಂತ ಟ್ಯಾಗೋರ್ ಕೇಳಿದರು. ಹುಡುಗನಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಹಿಂದಿ ಇಡೀ ದೇಶದ ಭಾಷೆ, ಪಂಜಾಬಿಯಲ್ಲಿ ಏನಿದೆ ಅನ್ನೋ ಧಾಟಿಯಲ್ಲಿ ವಾದಿಸಿದರು. ಗುರುನಾನಕರು ಬರೆದ ಭಾಷೆಯನ್ನು ಹಗುರವಾಗಿ ಕಾಣಬೇಡ ಅಂತ ಟ್ಯಾಗೋರ್ ತಿದ್ದಿದರು. ಆಗ ಬಲರಾಜ್ ಒಪ್ಪಲಿಲ್ಲ. ಆ ಮಾತು ಒಳಗಿಳಿಯಲು ವರ್ಷಗಳೇ ಬೇಕಾದವು. ಹಿಂದಿ ಹೇರಿಕೆ ಬಗ್ಗೆ ದಿನವೂ ಟ್ವೀಟ್ ಮಾಡುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು: ಹಿಂದಿ ಸಿನಿಮಾದ ಈ ದೊಡ್ಡ ನಟ ತನ್ನ ನಂತರದ ಬರವಣಿಗೆಯನ್ನೆಲ್ಲ ಮಾಡಿದ್ದು ಪಂಜಾಬಿಯಲ್ಲಿ. ಶೂಟಿಂಗ್ ಸೆಟ್ಟಿಗೂ ಗುರುಮುಖಿ ಟೈಪ್‌ರೈಟರ್ ಹೊತ್ಕೊಂಡು ಹೋಗ್ತಿದ್ದರು.

ಶಾಂತಿನಿಕೇತನದ ನಂತರ ಗಾಂಧೀಜಿಯವರ ಸೇವಾಗ್ರಾಮ. ಅಲ್ಲಿ 'ನಯೀ ತಾಲೀಮ್' ಪತ್ರಿಕೆಯ ಕೆಲಸ. 1940ರಲ್ಲಿ ಲಂಡನ್ನಿಗೆ ಹೋಗಿ ಬಿಬಿಸಿಯ ಹಿಂದೂಸ್ತಾನಿ ವಿಭಾಗ ಸೇರಿದರು. ಯುದ್ಧಕಾಲದ ಲಂಡನ್, ಮೇಲಿಂದ ಬಾಂಬು. ಅಲ್ಲೇ ಸೋವಿಯತ್ ಸಿನಿಮಾಗಳನ್ನು ನೋಡಿದರು, ಮಾರ್ಕ್ಸ್‌ನನ್ನು ಓದಿದರು.

ಈ ಪಟ್ಟಿ ನೋಡಿ. ವ್ಯಾಪಾರ, ಪತ್ರಿಕೆ, ಮೇಷ್ಟ್ರು, ಆಶ್ರಮ, ರೇಡಿಯೋ. ಮೂವತ್ತರ ಹೊತ್ತಿಗೆ ಐದು ಬದುಕು. ಇವತ್ತಾಗಿದ್ದರೆ ರೆಸ್ಯೂಮೆ ನೋಡಿ ಎಚ್‌ಆರ್‌ನವರು ಪಕ್ಕಕ್ಕಿಡ್ತಿದ್ದರು. ಪ್ರತಿ ಕಡೆಯೂ ಬಲರಾಜ್ ಹುಡುಕ್ತಿದ್ದದ್ದು ತನಗೆ ಒಪ್ಪುವ ಕೆಲಸವನ್ನು. ತಾನೇನು, ತನ್ನೊಳಗೆ ಏನಿದೆ ಅನ್ನೋದನ್ನು. ಅದು ಸಿಗಲಿಲ್ಲ. ಮುಂದೆ ಸಿಕ್ಕಿದ್ದು ಬೇರೆಯೇ ಒಂದು ದಾರಿಯಲ್ಲಿ.

ಕೇಳದೇ ಬಂದ ಕೆಲಸ

1944ರಲ್ಲಿ ದೇಶಕ್ಕೆ ಮರಳಿದಾಗ ಬಂಗಾಳದ ಬರಗಾಲದ ಗಾಯ ಹಸಿಯಾಗಿತ್ತು. ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು. 1943ರಲ್ಲಿ ಬಾಂಬೆಯಲ್ಲಿ ಇಪ್ಟಾ, ಅಂದ್ರೆ ಭಾರತೀಯ ಜನನಾಟ್ಯ ಸಂಘ, ಹುಟ್ಟಿಕೊಂಡಿತ್ತು. ಇದಕ್ಕೆ ನಮ್ಮೂರಿನ ನಂಟೂ ಇದೆ. ಅದಕ್ಕೂ ಎರಡು ವರ್ಷ ಮೊದಲು, 1941ರಲ್ಲಿ, ಸಿಂಹಳ ಮೂಲದ ಅನಿಲ್ ಡಿ ಸಿಲ್ವಾ ಎಂಬ ಮಹಿಳೆ ಬೆಂಗಳೂರಿನಲ್ಲಿ ಪೀಪಲ್ಸ್ ಥಿಯೇಟರ್ ಕಟ್ಟಿದ್ದರು. ಮುಂದೆ ಅವರೇ ಇಪ್ಟಾದ ಪ್ರಧಾನ ಕಾರ್ಯದರ್ಶಿಯಾದರು.

ಬಲರಾಜ್ ಇಪ್ಟಾ ಸೇರಿದ ಬಗೆ ತಮಾಷೆಯಾಗಿದೆ. ಏನು ನಡೀತಿದೆ ನೋಡೋಣ ಅಂತ ಒಂದು ಸಭೆಗೆ ಹೋಗಿದ್ದರು. ಖ್ವಾಜಾ ಅಹ್ಮದ್ ಅಬ್ಬಾಸ್ ತಮ್ಮ 'ಜುಬೇದಾ' ನಾಟಕ ಓದುತ್ತಿದ್ದವರು, ಇದನ್ನು ಬಲರಾಜ್ ನಿರ್ದೇಶಿಸ್ತಾರೆ ಅಂತ ಘೋಷಿಸಿಬಿಟ್ಟರು. ಇವರನ್ನು ಒಂದು ಮಾತೂ ಕೇಳಿರಲಿಲ್ಲ. ಬಲರಾಜ್ ಇಲ್ಲ ಅನ್ನಲಿಲ್ಲ.

ಅತ್ತ ರಾವಲ್ಪಿಂಡಿಯಲ್ಲಿ ಅಪ್ಪನಿಗೆ ಆತಂಕ. ಓದಿದ ಮಗ ನಾಟಕದವರ ಜೊತೆ ಸೇರಿದ್ದಾನೆ. ಬುದ್ಧಿ ಹೇಳಿ ಕರ್ಕೊಂಡು ಬಾ ಅಂತ ಕಿರಿಮಗ ಭೀಷ್ಮನನ್ನು ಬಾಂಬೆಗೆ ಕಳಿಸಿದರು. ಭೀಷ್ಮ ಹೋದರು, ನೋಡಿದರು, ತಾವೂ ಇಪ್ಟಾ ಸೇರಿಕೊಂಡರು. ಅಪ್ಪಂದಿರ ಇಂಥ ಯೋಜನೆಗಳು ಎಲ್ಲ ಕಾಲದಲ್ಲೂ ಹೀಗೇ ಆಗುತ್ತವೆ.

1946ರಲ್ಲಿ ಅಬ್ಬಾಸ್ ಬಂಗಾಳದ ಬರಗಾಲದ ಮೇಲೆ 'ಧರ್ತಿ ಕೆ ಲಾಲ್' ಸಿನಿಮಾ ಮಾಡಿದರು. ಇಪ್ಟಾದವರೇ ಕಟ್ಟಿದ ಸಿನಿಮಾ. ಬಲರಾಜ್, ದಮಯಂತಿ ಇಬ್ಬರೂ ನಟಿಸಿದರು. ದಮಯಂತಿಯವರು ಪೃಥ್ವಿ ಥಿಯೇಟರ್ಸ್‌ನ 'ದೀವಾರ್' ನಾಟಕದಲ್ಲೂ ಹೆಸರು ಮಾಡಿದ್ದರು. ನಟಿಯಾಗಿ ಇನ್ನೇನು ಮೇಲೆ ಬರಬೇಕು ಅನ್ನುವಾಗ, 1947ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಮೂವತ್ತೂ ತುಂಬಿರಲಿಲ್ಲ. ಎರಡು ಸಣ್ಣ ಮಕ್ಕಳು. ಅದೇ ವರ್ಷ ದೇಶ ಒಡೆಯಿತು. ಸಾಹ್ನಿ ಕುಟುಂಬದ ರಾವಲ್ಪಿಂಡಿ ಗಡಿಯ ಆಚೆಗೆ ಹೋಯಿತು.

ಮುಂದಿನ ಕೆಲವು ವರ್ಷ ಕಷ್ಟದವು. ಕಮ್ಯುನಿಸ್ಟರ ಮೇಲೆ ಸರ್ಕಾರ ಮುಗಿಬಿದ್ದಿದ್ದ ಕಾಲ. ಮೆರವಣಿಗೆಯೊಂದರ ನಂತರ ಬಲರಾಜ್ ಜೈಲು ಸೇರಿದರು. ಆಗ ಅವರು 'ಹಲ್‌ಚಲ್' ಸಿನಿಮಾದಲ್ಲಿ ನಟಿಸುತ್ತಿದ್ದರು. ನಿರ್ಮಾಪಕ ಕೆ. ಆಸಿಫ್ ಹೇಗೋ ಅನುಮತಿ ತಂದರು. ಕೈದಿಯನ್ನು ಜೈಲಿನಿಂದ ಸೆಟ್ಟಿಗೆ ಕರೆತರೋದು, ಶೂಟಿಂಗ್ ಮುಗಿದ ಮೇಲೆ ವಾಪಸ್ ಜೈಲಿಗೆ ಬಿಡೋದು. ಸಿನಿಮಾದಲ್ಲಿ ಅವರ ಪಾತ್ರ ಏನು ಗೊತ್ತಾ? ಜೈಲರ್!

ಕ್ಯಾಮೆರಾ ಮುಂದೆ ಅವರು ಸಹಜವಾಗಿ ಅರಳಿದ ನಟರೇನೂ ಆಗಿರಲಿಲ್ಲ. 1951ರ 'ಹಮ್ ಲೋಗ್' ಹೊತ್ತಿಗೂ ಕ್ಯಾಮೆರಾ ಅಂದ್ರೆ ಮೈ ಮರಗಟ್ಟುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹೊಟ್ಟೆಪಾಡಿಗೆ ಚಿತ್ರಕಥೆಯನ್ನೂ ಬರೆದರು. ಗುರುದತ್ ನಿರ್ದೇಶನದ ಮೊದಲ ಸಿನಿಮಾ 'ಬಾಜಿ' ಅವರ ಬರವಣಿಗೆಯದ್ದು. ಬಾಂಬೆಯ ಸಿಟಿ ಬಸ್ಸಿನಲ್ಲಿ ಪ್ರಯಾಣಿಕರನ್ನು ನಗಿಸುತ್ತಾ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ್ನು ನೋಡಿ ಗುರುದತ್ ಹತ್ತಿರ ಕಳಿಸಿದ್ದೂ ಇವರೇ. ಆ ಕಂಡಕ್ಟರ್ ಮುಂದೆ ಜಾನಿ ವಾಕರ್ ಆದರು.

ಇಪ್ಪತ್ತಾರು ಗುಂಟೆ

ಈಗ ಈ ಬರಹದ ಮುಖ್ಯ ಜಾಗಕ್ಕೆ ಬರ್ತೀನಿ. 1953ರಲ್ಲಿ ಬಂದ 'ದೋ ಬಿಘಾ ಜಮೀನ್'. ಬಂಗಾಳದ ಲೆಕ್ಕದಲ್ಲಿ ಎರಡು ಬಿಘಾ ಅಂದ್ರೆ ಇಪ್ಪತ್ತಾರು ಗುಂಟೆ ಚಿಲ್ಲರೆ. ಮುಕ್ಕಾಲು ಎಕರೆಯೂ ಇಲ್ಲ. ಶಂಭು ಮಹತೋ ಎಂಬ ರೈತನಿಗೆ ಇರೋದೇ ಅಷ್ಟು. ಜಮೀನ್ದಾರನಿಗೆ ಅಲ್ಲಿ ಕಾರ್ಖಾನೆ ತರಬೇಕು. ಶಂಭು ಭೂಮಿ ಕೊಡಲ್ಲ ಅಂತಾನೆ. ಹಳೇ ಸಾಲದ ಲೆಕ್ಕ ಹೊರಬರುತ್ತೆ. ಶಂಭು ಪ್ರಕಾರ 65 ರೂಪಾಯಿ, ಜಮೀನ್ದಾರನ ಕಾಗದದ ಪ್ರಕಾರ 235. ಕೋರ್ಟು ಮೂರು ತಿಂಗಳ ಗಡುವು ಕೊಡುತ್ತೆ. ಶಂಭು ಕಲ್ಕತ್ತಾಗೆ ಬಂದು ಕೈಗಾಡಿ ರಿಕ್ಷಾ ಎಳೀತಾನೆ. ಕೈಗಾರಿಕೆಗೆ ಭೂಸ್ವಾಧೀನ ಅನ್ನೋದನ್ನು ಇವತ್ತಿಗೂ ಜಿಲ್ಲೆ ಜಿಲ್ಲೆಯಲ್ಲಿ ನೋಡ್ತಿರೋ ನಮಗೆ ಈ ಕತೆಯನ್ನು ವಿವರಿಸಬೇಕಿಲ್ಲ.

ನಿರ್ದೇಶಕ ಬಿಮಲ್ ರಾಯ್ ಬಲರಾಜ್‌ರನ್ನು ಮೊದಲು ನೋಡಿದಾಗ ನಿರಾಶರಾದರು. ಎದುರಿಗೆ ಸೂಟು ಬೂಟು ಹಾಕಿದ, ಇಂಗ್ಲಿಷ್ ಮಾತಾಡುವ, ಲಂಡನ್ನಿಂದ ಬಂದ ಎತ್ತರದ ಪಂಜಾಬಿ. ಬೇಕಾಗಿದ್ದದ್ದು ಬರಿಗಾಲಿನ ರೈತ. 'ಧರ್ತಿ ಕೆ ಲಾಲ್' ನೋಡಿ ಆಮೇಲೆ ತೀರ್ಮಾನಿಸಿ ಅನ್ನೋದು ಬಲರಾಜ್ ಅವರ ಕೋರಿಕೆ. ಪಾತ್ರ ಸಿಕ್ಕಿತು.

ಸಿಕ್ಕ ಮೇಲೆ ಭಯ ಶುರು. ಬಲರಾಜ್ ಬಾಂಬೆಯ ಜೋಗೇಶ್ವರಿಯಲ್ಲಿದ್ದ ಉತ್ತರ ಭಾರತದ ಎಮ್ಮೆ ಸಾಕುವವರ ಕೇರಿಗೆ ದಿನವೂ ಹೋದರು. ಅವರು ಹೇಗೆ ಕೂರ್ತಾರೆ, ಹೇಗೆ ಉಣ್ತಾರೆ, ತಲೆಗೆ ಟವೆಲ್ ಹೇಗೆ ಸುತ್ತುತ್ತಾರೆ ಅಂತ ನೋಡಿ ಕಲಿತರು. ಕಲ್ಕತ್ತಾದಲ್ಲಿ ರಿಕ್ಷಾ ಎಳೆಯೋದನ್ನು ಕಲಿತರು. ಉರಿಯುವ ಟಾರು ರಸ್ತೆ, ಬರಿಗಾಲು. ವೇಷದಲ್ಲೇ ಬೀಡಾ ಅಂಗಡಿಗೆ ಹೋಗಿ ಸಿಗರೇಟು ಕೇಳಿದರೆ ಅಂಗಡಿಯವನು ಮುಂದೆ ಹೋಗು ಅಂತ ಕೈ ಬೀಸಿದ. ನಟನಿಗೆ ಇದು ಮೆಚ್ಚುಗೆ. ಆದರೆ ಬಡವನನ್ನು ಈ ದೇಶ ಹೇಗೆ ನೋಡುತ್ತೆ ಅನ್ನೋದು ಆ ಕ್ಷಣದಲ್ಲಿ ಅವರಿಗೆ ಮೈಗೇ ತಾಗಿತು.

ಇಷ್ಟಾದರೂ ಪಾತ್ರ ಹಿಡಿತಕ್ಕೆ ಬರಲಿಲ್ಲ. ನನ್ನಿಂದಾಗಲ್ಲ, ನಾನು ಸೋತೆ ಅನ್ನೋ ಸ್ಥಿತಿಗೆ ಬಂದರು. ಅಂಥ ಒಂದು ಹೊತ್ತಲ್ಲಿ ಬಿಹಾರದಿಂದ ಬಂದಿದ್ದ ನಡುವಯಸ್ಸು ದಾಟಿದ ರಿಕ್ಷಾವಾಲಾ ಒಬ್ಬ ಹತ್ತಿರ ಬಂದು ಇಲ್ಲೇನು ನಡೀತಿದೆ ಅಂತ ವಿಚಾರಿಸಿದ. ಬಲರಾಜ್ ಸಿನಿಮಾದ ಕತೆ ಹೇಳಿದರು. ಕೇಳ್ತಾ ಕೇಳ್ತಾ ಆತನ ಕಣ್ಣಲ್ಲಿ ನೀರು. ಅದು ಅವನದ್ದೇ ಕತೆ. ಅವನದ್ದೂ ಎರಡು ಬಿಘಾ ಜಮೀನು ಊರಿನ ಜಮೀನ್ದಾರನ ಬಳಿ ಒತ್ತೆ ಇತ್ತು. ಬಿಡಿಸಿಕೊಳ್ಳೋದಕ್ಕೆ ಅಂತ ಕಲ್ಕತ್ತಾಗೆ ಬಂದು ವರ್ಷಗಟ್ಟಲೆ ರಿಕ್ಷಾ ಎಳೆದಿದ್ದ. ಬಿಡಿಸಿಕೊಳ್ಳುವ ಆಸೆ ಆಗಲೇ ಬತ್ತಿತ್ತು. ಇದು ನನ್ನ ಕತೆ, ನನ್ನ ಕತೆ ಅಂತ ಗೊಣಗುತ್ತಾ ಆತ ಹೊರಟುಹೋದ.

ಆ ಕ್ಷಣದಲ್ಲಿ ಏನಾಯಿತು ಅನ್ನೋದನ್ನು ಬಲರಾಜ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನಟನೆಯ ಥಿಯರಿಗಳನ್ನೆಲ್ಲ ಅವರು ಆಚೆ ಇಟ್ಟರು. ತಾನು ಒಳ್ಳೇ ನಟನೋ ಅಲ್ಲವೋ ಅನ್ನೋ ಚಿಂತೆ ಬಿಟ್ಟರು. ಈ ಒಬ್ಬ ಮನುಷ್ಯನ ಕತೆಯನ್ನು ಜಗತ್ತಿಗೆ ಹೇಳುವ ಕೆಲಸ ತನ್ನ ಪಾಲಿಗೆ ಬಂದಿದೆ, ಅರ್ಹತೆ ಇರಲಿ ಬಿಡಲಿ ಅದನ್ನು ಇರುವಷ್ಟು ಶಕ್ತಿ ಹಾಕಿ ಮಾಡಬೇಕು, ಅಷ್ಟೇ. ಮುಂದಿನ ದೃಶ್ಯಗಳಲ್ಲಿ ಅವರು ಶಂಭು ಮಹತೋನನ್ನಲ್ಲ, ಆ ರಿಕ್ಷಾವಾಲಾನನ್ನು ಒಳಗಿಟ್ಟುಕೊಂಡು ನಟಿಸಿದರು.

ನನ್ನ ಮಟ್ಟಿಗೆ ಬಲರಾಜ್ ಬದುಕಿನ ತಿರುವು ಇರೋದು ಇಲ್ಲಿ. ಅಲ್ಲಿವರೆಗೂ ಅವರ ಪ್ರಶ್ನೆ ತನ್ನ ಬಗ್ಗೆ ಇತ್ತು: ನಾನು ಯಾರು, ನನಗೆ ಯಾವ ಕೆಲಸ ಒಪ್ಪುತ್ತೆ, ನಾನು ಚೆನ್ನಾಗಿ ಮಾಡ್ತಿದ್ದೀನಾ? ರಿಕ್ಷಾವಾಲಾ ಬಂದು ಹೋದ ಮೇಲೆ ಪ್ರಶ್ನೆಯೇ ಬದಲಾಯಿತು. ಇದು ಯಾರ ಕತೆ, ಅವರ ಋಣ ಹೇಗೆ ತೀರಿಸಲಿ? ಕಲೆಯ ಅರ್ಥವನ್ನು ನಾವೆಲ್ಲ ನಮ್ಮೊಳಗೆ ಹುಡುಕ್ತೀವಿ. ಸ್ವಂತ ದನಿ, ಸ್ವಂತ ಅಭಿವ್ಯಕ್ತಿ, ಸ್ವಂತ ಸ್ಟೈಲ್. ಬಲರಾಜ್‌ಗೆ ಅದು ಹೊರಗಿನಿಂದ, ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯನಿಂದ ಸಾಲದ ಹಾಗೆ ಬಂತು.

ಸಿನಿಮಾ 1954ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಮೊದಲ ಫಿಲಂಫೇರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ ಎರಡೂ ಅದಕ್ಕೇ ಹೋದವು. ಆದರೆ ಆ ರಿಕ್ಷಾವಾಲಾನ ಜಮೀನು? ಸಿನಿಮಾದಿಂದ ಯಾವ ಒತ್ತೆಯೂ ಬಿಡುಗಡೆಯಾಗಲ್ಲ. ಕಲ್ಕತ್ತಾದ ಕೆಲವು ಬೀದಿಗಳಲ್ಲಿ ಇವತ್ತಿಗೂ ಮನುಷ್ಯರು ಮನುಷ್ಯರನ್ನು ಎಳೀತಿದ್ದಾರೆ. ಹಾಗಾದ್ರೆ ಏನು ಉಪಯೋಗ ಅಂತ ನೀವು ಕೇಳಿಯೇ ಕೇಳ್ತೀರಿ.

ಎರಡು ಖಾತೆ

ಇದಕ್ಕೆ ಬಲರಾಜ್ ಕೊಟ್ಟ ಉತ್ತರ ಅವರ ದಿನಚರಿಯಲ್ಲಿದೆ. ಸಿನಿಮಾದ ಉಪಯೋಗ ಇಷ್ಟೇ ಅಂತ ಗೊತ್ತಿದ್ದರಿಂದಲೇ ಅವರು ಸಿನಿಮಾದಲ್ಲೇ ನಿಲ್ಲಲಿಲ್ಲ. 1959ರಲ್ಲಿ ದೆಹಲಿಯಲ್ಲಿ ಎಐವೈಎಫ್, ಅಂದ್ರೆ ಅಖಿಲ ಭಾರತ ಯುವಜನ ಫೆಡರೇಶನ್, ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಇವರೇ. ಬೇಡಿಕೆಯಲ್ಲಿದ್ದ ಸಿನಿಮಾ ನಟ ಕಮ್ಯುನಿಸ್ಟ್ ಯುವ ಸಂಘಟನೆಯ ಅಧ್ಯಕ್ಷ ಆಗೋದನ್ನು ಇವತ್ತಿನ ಬಾಲಿವುಡ್‌ನಲ್ಲಿ ಸುಮ್ಮನೆ ಊಹಿಸಿ ನೋಡಿ. 1970ರಲ್ಲಿ ಭಿವಂಡಿಯಲ್ಲಿ ಕೋಮುಗಲಭೆಯಾದಾಗ ಅಲ್ಲಿಗೆ ಹೋಗಿ ಸಂತ್ರಸ್ತ ಮುಸ್ಲಿಮರ ನಡುವೆ ಇದ್ದು ಬಂದರು. 1962ರಲ್ಲಿ ಪಾಕಿಸ್ತಾನಕ್ಕೆ ಹೋಗಿ ತಮ್ಮ ರಾವಲ್ಪಿಂಡಿಯನ್ನು ಮತ್ತೆ ನೋಡಿದರು, ಆ ಪ್ರವಾಸಕಥನವನ್ನು ಪಂಜಾಬಿಯಲ್ಲಿ ಬರೆದರು. ಶಾಂತಿನಿಕೇತನದ ಆ ಹಳೇ ವಾದದಲ್ಲಿ ಕೊನೆಗೂ ಗೆದ್ದಿದ್ದು ಟ್ಯಾಗೋರ್. 1961ರಲ್ಲಿ ಅದೇ ಟ್ಯಾಗೋರರ ಕತೆಯ 'ಕಾಬೂಲಿವಾಲಾ' ಆಗಿಯೂ ಬಲರಾಜ್ ತೆರೆಗೆ ಬಂದಿದ್ದರು.

ಇದರರ್ಥ ಅವರು ಪರಿಪೂರ್ಣರು ಅಂತಲ್ಲ. ಸಂಸಾರ ನಡೆಸಲು ಸಾಧಾರಣ, ಕೆಲವೊಮ್ಮೆ ತೀರಾ ಕಳಪೆ ಸಿನಿಮಾಗಳನ್ನೂ ಮಾಡಿದರು. ಬಾಂಬೆಯಲ್ಲಿ ಅನುಕೂಲಸ್ಥರಾಗಿ ಬದುಕಿದರು. ಎಡ ಗೆಳೆಯರಲ್ಲಿ ಇದನ್ನು ಆಡಿಕೊಂಡವರು ಇದ್ದಿರಲೇಬೇಕು, ನಮ್ಮಲ್ಲೂ ಅಂಥವರಿಗೆ ಬರ ಇಲ್ಲ. ಇನ್ನೂ ಗಂಭೀರವಾದ ಪ್ರಶ್ನೆಯನ್ನು ಇವತ್ತಿನ ಹುಡುಗರು ಕೇಳಬಹುದು: ಲಂಡನ್ ನೋಡಿದ ವ್ಯಾಪಾರಸ್ಥರ ಮಗ ರಿಕ್ಷಾವಾಲಾನ ಕತೆ ಹೇಳೋದು ಎಷ್ಟು ಸರಿ? ರಿಕ್ಷಾವಾಲಾನೇ ಯಾಕೆ ಹೇಳಬಾರದು? ನ್ಯಾಯವಾದ ಪ್ರಶ್ನೆ. ದಲಿತ ಸಾಹಿತ್ಯವನ್ನು ಓದಿ ಬೆಳೆದ ಕನ್ನಡಿಗರು ಇದನ್ನು ಕೇಳದೇ ಇರಬಾರದು. ನಾನು ಹೇಳೋದು ಇಷ್ಟೇ. ಆ ದೂರ ಬಲರಾಜ್‌ಗೆ ಗೊತ್ತಿತ್ತು, ಅದೇ ಅವರನ್ನು ಸೆಟ್ಟಿನಲ್ಲಿ ಕಂಗೆಡಿಸಿತ್ತು. ಪರರ ನೋವನ್ನು ತನ್ನದು ಅಂತ ಅವರು ಯಾವತ್ತೂ ಹೇಳಿಕೊಳ್ಳಲಿಲ್ಲ. ಸಾಲ ಅಂತ ಬರೆದಿಟ್ಟುಕೊಂಡರು.

1969ರಲ್ಲಿ ಪದ್ಮಶ್ರೀ ಬಂತು. 1972ರಲ್ಲಿ ಜೆಎನ್‌ಯು ಘಟಿಕೋತ್ಸವಕ್ಕೆ ಭಾಷಣ ಮಾಡಲು ಕರೆದರು. ಪದವಿ ಪಡೆಯುವ ಹುಡುಗರ ಮುಂದೆ ಅವರು ಹಿತೋಪದೇಶ ಮಾಡಲಿಲ್ಲ. ಸ್ವಾತಂತ್ರ್ಯ ಬಂದು 25 ವರ್ಷವಾದರೂ ನಮ್ಮ ತಲೆ ಸ್ವತಂತ್ರವಾಗಿಲ್ಲ, ಹೊರಗಿನವರು ಬೆನ್ನು ತಟ್ಟಿದ ಮೇಲಷ್ಟೇ ನಮ್ಮದನ್ನು ನಾವು ಮೆಚ್ಚುತ್ತೇವೆ ಅಂತ ಬಿಚ್ಚಿ ಹೇಳಿದರು. ನಕಲು ಮಾಡುವ ಹಿಂದಿ ಸಿನಿಮಾವನ್ನು, ಅಂದ್ರೆ ತಮ್ಮ ಸ್ವಂತ ಅನ್ನದ ತಟ್ಟೆಯನ್ನೂ, ಅವರು ಬಿಡಲಿಲ್ಲ. ಯಾರಿಗೂ ಅರ್ಥವಾಗದ ಆಕಾಶವಾಣಿಯ ಸಂಸ್ಕೃತಮಯ ಹಿಂದಿಗೂ ಏಟು ಬಿತ್ತು.

ಹೋಗಬೇಕಾಗಿ ಬಂದವರು, ಹೋಗದೇ ಉಳಿದವರು

ಅದೇ 1972ರಲ್ಲಿ ಮಗಳು ತೀರಿಕೊಂಡಳು. ಬಲರಾಜ್ ಒಳಗೇ ಕುಸಿದರು. ಆ ಸ್ಥಿತಿಯಲ್ಲೇ 'ಗರಂ ಹವಾ' ಬಂತು.

ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕತೆ, ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅವರ ಚಿತ್ರಕಥೆ, ಸತ್ಯು ನಿರ್ದೇಶನ. ಹೆಚ್ಚಿನವರು ಇಪ್ಟಾದ ನಂಟಿನವರು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟದ್ದು ಎರಡೂವರೆ ಲಕ್ಷ ರೂಪಾಯಿ. ಉಳಿದದ್ದು ಕೈಸಾಲ. ಆಗ್ರಾದಲ್ಲಿ ಶೂಟಿಂಗಿಗೆ ವಿರೋಧ ಬಂದಾಗ, ಖಾಲಿ ಕ್ಯಾಮೆರಾ ಹಿಡಿದ ನಕಲಿ ತಂಡವನ್ನು ಬೇರೆ ಕಡೆ ಕಳಿಸಿ ಗಲಾಟೆಯವರ ದಾರಿ ತಪ್ಪಿಸಿದರು. ಸೌಂಡ್ ರೆಕಾರ್ಡ್ ಮಾಡುವ ಸಾಮಗ್ರಿಗೂ ದುಡ್ಡಿರಲಿಲ್ಲ. ದೃಶ್ಯಗಳನ್ನು ಮೂಕವಾಗಿ ತೆಗೆದು, ಮಾತನ್ನು ಆಮೇಲೆ ಬಾಂಬೆಯಲ್ಲಿ ಡಬ್ ಮಾಡಬೇಕಿತ್ತು.

ಇಲ್ಲೊಂದು ವಿಷಯ ಗಮನಿಸಿ. ಬಲರಾಜ್ ವಿಭಜನೆಯಲ್ಲಿ ಹುಟ್ಟೂರು ಕಳೆದುಕೊಂಡ ಪಂಜಾಬಿ ಹಿಂದೂ. ಆ ಗಾಯವನ್ನು ದ್ವೇಷಕ್ಕೆ ಬಳಸಿಕೊಂಡವರು ಎಷ್ಟೋ ಜನ, ಅದರ ಮೇಲೇ ರಾಜಕೀಯ ಕಟ್ಟಿದವರೂ ಇದ್ದಾರೆ. ಈ ಮನುಷ್ಯ ಅದೇ ಗಾಯ ಹೊತ್ತು, ಗಡಿಯ ಈಚೆ ತನ್ನ ಊರು ಬಿಡಲೊಲ್ಲದ ಒಬ್ಬ ಮುಸ್ಲಿಮನೊಳಗೆ ಹೊಕ್ಕರು. ಮನೆ ಬಿಡುವುದೆಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಹಾಗಾಗಿಯೇ ಬಿಡಲಾರೆ ಅನ್ನುವವನ ಹಟವೂ ಅರ್ಥವಾಗಿತ್ತು. ಸಲೀಂ ಮಿರ್ಜಾ ಬೀದಿಯಲ್ಲಿ ನಡೆಯುವ ರೀತಿ ನೋಡಿ. ಬಿಗಿಯಾದ ಶೇರ್ವಾನಿ, ಕೈಯಲ್ಲಿ ಕೋಲು, ಎಲ್ಲರಿಗೂ ಸಲಾಂ. ಅವಮಾನದ ಮೇಲೆ ಅವಮಾನ ಆದರೂ ಆ ನಡಿಗೆಯ ಮರ್ಯಾದೆ ಕಡಿಮೆಯಾಗಲ್ಲ. ಇವತ್ತು ಬಾಡಿಗೆ ಮನೆ ಕೇಳಲು ಹೋಗಿ ಹೆಸರು ಹೇಳಿದ ತಕ್ಷಣ ಬಾಗಿಲು ಹಾಕಿಸಿಕೊಳ್ಳುವ ಗೆಳೆಯರು ನನಗಿದ್ದಾರೆ. ಅವರ ಜೊತೆ ಈ ಸಿನಿಮಾ ನೋಡೋದು ಸುಲಭವಲ್ಲ.

ಇನ್ನು ಮಗಳ ಆ ದೃಶ್ಯ. ಸ್ವಂತ ದುಃಖವನ್ನು ಬಳಸಿಕೊಂಡು ನಟಿಸಿದರು ಅಂತ ಹಲವರು ಬರೀತಾರೆ. ನನಗೆ ಹಾಗನ್ನಿಸಲ್ಲ. ದುಃಖ ತೋರಿಸಬೇಕು ಅಂತಿದ್ದಿದ್ದರೆ ಅಳು ಧಾರಾಳವಾಗಿ ಬರ್ತಿತ್ತು. ಅವರು ಅಳಲಿಲ್ಲ. ಅದು ಸಲೀಂ ಮಿರ್ಜಾನ ಮನೆ, ಸಲೀಂ ಮಿರ್ಜಾನ ಮಗಳು. ತನ್ನ ದುಃಖಕ್ಕೆ ಅಲ್ಲಿ ಜಾಗ ಕೇಳಲಿಲ್ಲ. ಕಲ್ಕತ್ತಾದ ರಿಕ್ಷಾವಾಲಾ ಕಲಿಸಿಹೋದ ಪಾಠವನ್ನು ಇಪ್ಪತ್ತು ವರ್ಷದ ನಂತರವೂ ಅವರು ಮರೆತಿರಲಿಲ್ಲ ಅನ್ಸುತ್ತೆ.

1973ರ ಏಪ್ರಿಲ್ 12. ಡಬ್ಬಿಂಗ್ ಮುಗಿಯಿತು. ಮನುಷ್ಯ ಎಷ್ಟು ದಿನ ಒಂಟಿಯಾಗಿ ಬದುಕಲು ಸಾಧ್ಯ ಅನ್ನುವ ಅರ್ಥದ ಮಾತು ಅವರು ಕೊನೆಯದಾಗಿ ಡಬ್ ಮಾಡಿದ್ದು. ಮರುದಿನ ಹೃದಯಾಘಾತ. ಅರವತ್ತು ತುಂಬಲು ಮೂರು ವಾರವೂ ಇರಲಿಲ್ಲ.

ಸಿನಿಮಾ ಕೋಮು ಗಲಭೆಗೆ ಕಾರಣವಾಗಬಹುದು ಅನ್ನೋ ನೆಪದಲ್ಲಿ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನ ಎರಡು ಥಿಯೇಟರ್‌ಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಜನ ಬಂದು ನೋಡಿದರು. ಆಮೇಲೆ ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೇ ಬಂತು!

ಆ ಸಿನಿಮಾದ ಕೊನೆಯಲ್ಲಿ ಸಲೀಂ ಮಿರ್ಜಾ ಸೋತು ಪಾಕಿಸ್ತಾನಕ್ಕೆ ಹೊರಟಿರ್ತಾನೆ. ಟಾಂಗಾ ಸ್ಟೇಷನ್ನಿನ ಕಡೆ ಹೋಗ್ತಿದೆ. ರಸ್ತೆಯಲ್ಲಿ ಕೆಲಸ ಕೇಳುವ ನಿರುದ್ಯೋಗಿಗಳ ಮೆರವಣಿಗೆ. ಮಗ ಸಿಕಂದರ್ ಇಳಿದು ಸೇರಿಕೊಳ್ತಾನೆ. ಸ್ವಲ್ಪ ಹೊತ್ತು ನೋಡಿ ಅಪ್ಪನೂ ಇಳೀತಾನೆ. ಟಾಂಗಾ ಮನೆ ಕಡೆ ತಿರುಗುತ್ತೆ.

ನಾಟಕ ಮಾಡ್ಕೊಂಡು ಕೂತರೆ ಏನು ಉಪಯೋಗ ಅಂತ ಕೇಳುವ ಗೆಳೆಯರಿಗೆ ನಾನು ಉತ್ತರ ಕೊಡಲಾರೆ. ಒಂದು ಪ್ರಶ್ನೆಯನ್ನಷ್ಟೇ ದಾಟಿಸಬಲ್ಲೆ. ನಿಮ್ಮ ಮುಂದಿನ ನಾಟಕ ಯಾರ ಕತೆ? ಆ ಮನುಷ್ಯ ನಿಮಗೆ ಗೊತ್ತಾ? ಅವರ ಮನೆಗೆ ಹೋಗಿ ಕೂತಿದ್ದೀರಾ? ಬೇಸರ ಬಂದಾಗ ನಾನೂ ಇದನ್ನೇ ಕೇಳಿಕೊಳ್ತೀನಿ. ಕೋಡ್ ಬರೀತಿದ್ದಾಗ ಅದನ್ನು ಯಾರು ಬಳಸ್ತಾರೆ ಅಂತ ನನಗೆ ಕಡೆಗೂ ಗೊತ್ತಾಗಲೇ ಇಲ್ಲ. ಈಗ ಬರೆಯುವಾಗ ಕನಿಷ್ಠ ಒಂದು ಮುಖವಾದರೂ ಎದುರಿಗಿರಬೇಕು ಅಂತ ನೋಡ್ಕೊಳ್ತೀನಿ. ಎಲ್ಲ ದಿನ ಆಗಲ್ಲ. ಆದ ದಿನ, ಇದಕ್ಕೇನು ಅರ್ಥ ಅನ್ನೋ ಪ್ರಶ್ನೆ ಹತ್ತಿರ ಸುಳಿಯಲ್ಲ.